ಎರಡು ಲೀಟರ್ ನೀರು, ಒಂದು ಮಗು

ಅಗಲವಾದ ತಟ್ಟೆಯೊಂದರಲ್ಲಿ ಬೆರಳಿನ ಒಂದು ಗೆಣ್ಣು ಮುಳುಗುವಷ್ಟು ನೀರು ಹಾಕಿ ಒಂಬತ್ತು ತಿಂಗಳ ಮಗುವಿನ ಮುಂದಿಡಿ. ಅದು ಮಾಡುವ ಮೊದಲ ಕೆಲಸ ಅಂಗೈ ಚಪ್ಪಟೆ ಮಾಡಿ ಪಟ್ಟನೆ ಬಡಿಯುವುದು. ನೀರು ಮುಖಕ್ಕೆ ಸಿಡಿಯುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತದೆ, ಅರೆಕ್ಷಣ ಉಸಿರು ಕಟ್ಟುತ್ತದೆ. ಅಳುತ್ತದೋ ನಗುತ್ತದೋ ಎಂದು ನಾವು ನೋಡುತ್ತಿರುವಷ್ಟರಲ್ಲಿ ಎರಡನೇ ಏಟು ಬಿದ್ದಿರುತ್ತದೆ. ನೋಡಬೇಕಾದದ್ದು ಈ ಎರಡನೇ ಏಟನ್ನೇ. ಮೊದಲ ಸಲ ನೀರು ಸಿಡಿದದ್ದು ತನ್ನಿಂದಲೇ ಹೌದೋ ಅಲ್ಲವೋ ಎಂದು ಮಗು ಈಗ ಪರೀಕ್ಷೆ ಮಾಡುತ್ತಿದೆ.

ಮಕ್ಕಳಿಗೆ ನೀರೆಂದರೆ ಯಾಕಿಷ್ಟು ಪ್ರಾಣ ಎಂದು ಕೇಳಿದರೆ ಗರ್ಭದೊಳಗಿನ ನೆನಪು ಎನ್ನುವವರಿದ್ದಾರೆ. ಕೇಳಲು ಚೆಂದದ ಮಾತು, ಆದರೆ ಗಟ್ಟಿ ಆಧಾರವಿಲ್ಲ. ಅದಕ್ಕಿಂತ ಸರಳವಾದ ಕಾರಣವೊಂದಿದೆ. ತಾನು ಮಾಡಿದ್ದಕ್ಕೆ ಹೊರಗಿನಿಂದ ಉತ್ತರ ಬಂದರೆ ಮಗುವಿಗೆ ಹಿಗ್ಗು. ಈ ಹಿಗ್ಗು ಎಷ್ಟು ಬೇಗ ಶುರುವಾಗುತ್ತದೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾರೊಲಿನ್ ರೋವಿ-ಕೊಲಿಯರ್ 1960ರ ದಶಕದ ಕೊನೆಯಲ್ಲಿ ತೋರಿಸಿದರು. ತೊಟ್ಟಿಲ ಮೇಲೆ ತೂಗುವ ಆಟಿಕೆಗೆ ರಿಬ್ಬನ್ ಕಟ್ಟಿ, ಅದರ ಇನ್ನೊಂದು ತುದಿಯನ್ನು ಶಿಶುವಿನ ಕಾಲಿಗೆ ಕಟ್ಟಿದರು. ಕಾಲು ಒದ್ದರೆ ಆಟಿಕೆ ಕುಣಿಯುತ್ತದೆ ಎಂಬುದು ಎರಡು ಮೂರು ತಿಂಗಳ ಕೂಸುಗಳಿಗೂ ಕೆಲವೇ ನಿಮಿಷಗಳಲ್ಲಿ ಗೊತ್ತಾಯಿತು, ಒದೆತ ಹೆಚ್ಚಾಯಿತು.

ನೀರಿಗೆ ರಿಬ್ಬನ್ ಕಟ್ಟುವ ತೊಂದರೆಯೂ ಇಲ್ಲ. ಗಿಲಕಿ ಅಲ್ಲಾಡಿಸಿದರೆ ಪ್ರತಿಸಲವೂ ಹೆಚ್ಚುಕಡಿಮೆ ಅದೇ ಸದ್ದು. ಬಟನ್ ಒತ್ತುವ ಆಟಿಕೆಯಂತೂ ಮೆಲ್ಲಗೆ ಒತ್ತಿದರೂ ಗುದ್ದಿದರೂ ಒಂದೇ ಹಾಡು ಹಾಡುತ್ತದೆ. ನೀರು ಹಾಗಲ್ಲ. ಬೆರಳ ತುದಿ ತಾಗಿಸಿದರೆ ಒಂದು ಉಂಗುರ, ಅಂಗೈ ಬಡಿದರೆ ಸಿಡಿತ, ಕೈ ಆಡಿಸಿದರೆ ಅಲೆ. ಕೊಟ್ಟಷ್ಟಕ್ಕೆ ತಕ್ಕಷ್ಟು ಉತ್ತರ, ತಕ್ಷಣ, ಮತ್ತು ಎರಡು ಸಲ ಒಂದೇ ತರಹ ಅಲ್ಲ. ಮಗುವಿಗೆ ಬೇಸರವಾಗದಿರುವುದು ಇದರಿಂದಲೇ. ಇದನ್ನು ಒಪ್ಪಿಕೊಂಡರೆ ಮನೆಯ ಅನೇಕ ಜಗಳಗಳು ಬೇರೆಯಾಗಿ ಕಾಣುತ್ತವೆ: ಲೋಟ ಮಗುಚುವುದು, ನಲ್ಲಿಯ ಕೆಳಗಿನಿಂದ ಎದ್ದು ಬರಲೊಲ್ಲದಿರುವುದು, ಕುಡಿಯಲು ಕೊಟ್ಟ ನೀರಿಗೆ ಕೈ ಅದ್ದುವುದು.

ಇದರಿಂದ ಇನ್ನೊಂದು ಸಂಗತಿ ಹೊರಡುತ್ತದೆ, ಅದನ್ನು ಹೆಚ್ಚಿನವರು ಉಲ್ಟಾ ತಿಳಿದಿರುತ್ತಾರೆ. ನೀರು ಹೆಚ್ಚಿದ್ದಷ್ಟೂ ಆಟ ಹೆಚ್ಚು ಎಂಬುದು ತಪ್ಪು. ಎದೆಮಟ್ಟದ ನೀರಿನಲ್ಲಿ ಕೂತ ಮಗುವಿನ ಗಮನವೆಲ್ಲ ಆಯ ತಪ್ಪದಂತೆ ಕೂರುವುದಕ್ಕೇ ಖರ್ಚಾಗುತ್ತದೆ. ಅಲ್ಲಿ ಯಜಮಾನ ನೀರು. ತಟ್ಟೆಯ ನೀರಿನಲ್ಲಿ ಯಜಮಾನ ಮಗು. 30 ಸೆಂ.ಮೀ. ಅಗಲ, 40 ಸೆಂ.ಮೀ. ಉದ್ದದ ತಟ್ಟೆಗೆ ಎರಡು ಲೀಟರ್ ಹಾಕಿದರೆ ಆಳ ಎರಡು ಸೆಂಟಿಮೀಟರಿಗಿಂತ ಸ್ವಲ್ಪ ಕಡಿಮೆ. ಒಂದು ವರ್ಷದ ಮಗುವಿಗೆ ಅರ್ಧ ಗಂಟೆ ಕಳೆಯಲು ಅಷ್ಟು ಧಾರಾಳ.

ಏನೇನು ಕೊಡಬೇಕು

ಅಂಗಡಿಯ ನೀರಾಟಿಕೆಗಳಿಗಿಂತ ಅಡುಗೆಮನೆಯ ಸಾಮಾನೇ ಮೇಲು. ಅಳತೆಯಲ್ಲಿ ದೊಡ್ಡದು ಚಿಕ್ಕದಾದ ಎರಡು ಲೋಟ, ಒಂದು ಸೋಸಣಿಗೆ, ಒಂದು ಸೌಟು, ಮಗುವಿನ ಮುಷ್ಟಿಗೆ ಹಿಡಿಯುವ ಸ್ಪಂಜು. ತಳಕ್ಕೆ ನಾಲ್ಕೈದು ತೂತು ಹಾಕಿದ ಪ್ಲಾಸ್ಟಿಕ್ ಡಬ್ಬಿ ಇದ್ದರೆ ಅದೇ ಎಲ್ಲಕ್ಕಿಂತ ಹೆಚ್ಚು ಹೊತ್ತು ನಡೆಯುತ್ತದೆ. ಎಲ್ಲವನ್ನೂ ಒಟ್ಟಿಗೆ ಸುರಿಯಬೇಡಿ, ಎರಡು ಸಾಕು. ಏಳೆಂಟು ಇಟ್ಟರೆ ಮಗು ಒಂದನ್ನು ಎತ್ತಿ ಬಿಸಾಡಿ ಇನ್ನೊಂದಕ್ಕೆ ಹೋಗುತ್ತದೆ, ಯಾವುದರ ಬೆನ್ನೂ ಹತ್ತುವುದಿಲ್ಲ.

ಒಂದು ವರ್ಷದ ಆಸುಪಾಸಿನಲ್ಲಿ ಮಗು ಖಾಲಿ ಮಾಡುತ್ತದೆ, ತುಂಬುವುದಿಲ್ಲ. ಲೋಟ ತುಂಬಿಸಿ ಕೈಗೆ ಕೊಟ್ಟರೆ ಮಗುಚುತ್ತದೆ, ಮತ್ತೆ ಕೊಟ್ಟರೆ ಮತ್ತೆ ಮಗುಚುತ್ತದೆ. ತುಂಬುವುದು ಕೆಲವು ತಿಂಗಳ ನಂತರ. ಲೋಟವನ್ನು ನೀರಿನಲ್ಲಿ ಅದ್ದಬೇಕು, ಬಾಯಿ ಮೇಲಾಗಿಸಬೇಕು, ಹಾಗೇ ಎತ್ತಬೇಕು. ಮೂರು ಕೆಲಸ ಸಾಲಾಗಿ ಬರಬೇಕು. ಬೋರಲಾಗಿ ಅದ್ದಿದ ಲೋಟಕ್ಕೆ ನೀರು ಹೊಗುವುದಿಲ್ಲ, ಒಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ. ಓರೆ ಮಾಡಿದಾಗ 'ಬುಳಕ್' ಎಂದು ಗಾಳಿ ಹೊರಬರುತ್ತದೆ. ಅದನ್ನು ಕಂಡುಕೊಂಡ ದಿನ ಮಗು ಬೇರೆ ಆಟವನ್ನೇ ಆಡುವುದಿಲ್ಲ. ತೋರಿಸಿಕೊಡುವ ಚಪಲ ಬಂದರೆ ತಡೆದುಕೊಳ್ಳಿ.

'ನಿಧಾನ, ನಿಧಾನ' ಎಂಬ ತಪ್ಪು ಸಲಹೆ

ಒಂದು ಲೋಟದಿಂದ ಇನ್ನೊಂದಕ್ಕೆ ಸುರಿಯುವುದು ಸುಮಾರು ಎರಡು ವರ್ಷಕ್ಕೆ ಕುದುರತೊಡಗುತ್ತದೆ. ಅದನ್ನು ಹತ್ತಿರದಿಂದ ನೋಡಿದರೆ ಮಗುವಿನ ಕಣ್ಣು ಎತ್ತಿದ ಲೋಟದ ಮೇಲಿರುತ್ತದೆಯೇ ಹೊರತು ಕೆಳಗಿನ ಲೋಟದ ಮೇಲಲ್ಲ. ಹೊಳೆಯುತ್ತಾ ಇಳಿಯುವ ಧಾರೆ ಮೇಲೆ ಹುಟ್ಟುತ್ತದೆ, ನೋಟವೂ ಅಲ್ಲಿಗೇ ಅಂಟುತ್ತದೆ. ಹಾಗಾಗಿ ಕೆಳಗೆ ತುಂಬಿ ತುಳುಕಿದ್ದು ಗೊತ್ತಾಗುವುದೇ ಇಲ್ಲ. ಕೆಳಗಿನ ಪಾತ್ರೆ ಅಗಲಬಾಯಿಯದೂ ಪಾರದರ್ಶಕವೂ ಆಗಿದ್ದರೆ ಅರ್ಧ ಸಮಸ್ಯೆ ಮುಗಿಯಿತು.

ಉಳಿದರ್ಧಕ್ಕೆ ನಮ್ಮ ಮಾತೇ ಕಾರಣ. ಮಗು ಸುರಿಯುವಾಗ ದೊಡ್ಡವರೆಲ್ಲ 'ನಿಧಾನ, ನಿಧಾನ' ಎನ್ನುತ್ತಾರೆ. ನೀರು ತೀರಾ ನಿಧಾನವಾಗಿ ಹರಿದರೆ ಪಾತ್ರೆಯ ಅಂಚನ್ನು ಬಿಟ್ಟು ನೆಗೆಯುವುದಿಲ್ಲ. ಅಂಚು ಸುತ್ತಿ ಹೊರಮೈಗೆ ಅಂಟಿಕೊಂಡು ಮೊಣಕೈವರೆಗೆ ಇಳಿಯುತ್ತದೆ. ನೀರಿಗೆ ಪಾತ್ರೆಯ ಮೈಯನ್ನು ಒದ್ದೆ ಮಾಡಿ ಅಂಟಿಕೊಳ್ಳುವ ಗುಣವಿದೆ. ಅದನ್ನು ಮೀರಿ ಮುಂದಕ್ಕೆ ಚಿಮ್ಮಲು ಹರಿವಿಗೆ ಒಂದಿಷ್ಟು ವೇಗ ಬೇಕು. ಅಂಚು ದಪ್ಪಗೆ ದುಂಡಗಿದ್ದಷ್ಟೂ ಅಂಟುವುದು ಹೆಚ್ಚು. ಅಂದರೆ ಮಾತು ಕೇಳಿ ಜೋಪಾನವಾಗಿ ಸುರಿದ ಮಗುವಿನ ತೋಳೇ ಹೆಚ್ಚು ಒದ್ದೆ! ಮೂತಿಯಿರುವ ಪುಟ್ಟ ಜಗ್ಗು ಕೊಡಿ, ಇಲ್ಲವೇ ಅಂಚು ತೆಳ್ಳಗಿರುವ ಲೋಟ ಕೊಡಿ. ಮೂರರಲ್ಲಿ ಒಂದು ಪಾಲು ಮಾತ್ರ ತುಂಬಿಸಿ. ಕಂಠಮಟ್ಟ ತುಂಬಿದ ಲೋಟ ಒಂಚೂರು ಓರೆಯಾದರೂ ಸುರಿಯತೊಡಗುತ್ತದೆ. ಕಡಿಮೆ ತುಂಬಿದ ಲೋಟ ಸಾಕಷ್ಟು ವಾಲಿದ ಮೇಲೆಯೇ ಸುರಿಯುವುದರಿಂದ ಗುರಿ ಸರಿಪಡಿಸಿಕೊಳ್ಳಲು ಮಗುವಿಗೆ ಸಮಯ ಸಿಗುತ್ತದೆ. 200 ಮಿಲಿಲೀಟರಿಗಿಂತ ಹೆಚ್ಚು ನೀರು ಒಂದು ಕೈಗೆ ಭಾರ, ಮಣಿಕಟ್ಟು ನಡುಗುತ್ತದೆ.

ಅಲೆ ಮತ್ತು ಸದ್ದು

ಸ್ನಾನದ ಟಬ್ಬಿನಲ್ಲಿ ಕೂತ ಮಗು ಹಿಂದೆ ಮುಂದೆ ತೂಗುತ್ತಾ ನೀರನ್ನೆಲ್ಲ ಹೊರಗೆ ಚೆಲ್ಲುವುದು ಹಟದಿಂದಲ್ಲ, ಲಯ ಸಿಕ್ಕಿದ್ದರಿಂದ. ಪ್ರತಿ ಪಾತ್ರೆಯ ನೀರಿಗೂ ಓಲಾಡಲು ತನ್ನದೇ ಒಂದು ಕಾಲವಿರುತ್ತದೆ. 60 ಸೆಂ.ಮೀ. ಉದ್ದದ ಟಬ್ಬಿನಲ್ಲಿ 5 ಸೆಂ.ಮೀ. ನೀರಿದ್ದರೆ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಿ ಮರಳಲು ಸುಮಾರು 1.7 ಸೆಕೆಂಡ್. ಕೂತ ಮಗು ಮೈ ತೂಗುವ ವೇಗವೂ ಸರಿಸುಮಾರು ಅಷ್ಟೇ. ಎರಡೂ ಕೂಡಿಬಂದರೆ ಉಯ್ಯಾಲೆಗೆ ಸರಿಯಾದ ಹೊತ್ತಿಗೆ ಮೀಟು ಕೊಟ್ಟಂತೆ. ಪ್ರತಿ ತೂಗಿಗೂ ಅಲೆ ಒಂದಿಷ್ಟು ಏರಿ ಐದಾರನೆಯದಕ್ಕೆ ನೆಲದ ಮೇಲಿರುತ್ತದೆ. ನಿಲ್ಲಿಸಬೇಕೆಂದರೆ ಗದರಬೇಕಿಲ್ಲ, ಟಬ್ಬಿನ ನಡುವೆ ನಿಮ್ಮ ಅಂಗೈ ಅಡ್ಡ ಹಿಡಿಯಿರಿ. ಅಲೆ ಮುರಿಯುತ್ತದೆ.

ಹನಿ ಬೀಳುವ 'ಟಿಪ್' ಸದ್ದು ಹನಿಯದೂ ಅಲ್ಲ, ನೀರಿಗೆ ಬಡಿದದ್ದೂ ಅಲ್ಲ. ಹನಿ ಬಿದ್ದಾಗ ನೀರಿನಲ್ಲೊಂದು ಕುಳಿಯಾಗುತ್ತದೆ, ಕುಳಿ ಮುಚ್ಚಿಕೊಳ್ಳುವಾಗ ಅದರ ತಳದಲ್ಲಿ ಪುಟ್ಟ ಗಾಳಿಗುಳ್ಳೆ ಸಿಕ್ಕಿಬೀಳುತ್ತದೆ, ಆ ಗುಳ್ಳೆ ಹಿಗ್ಗಿ ಕುಗ್ಗಿ ಮಿಡಿಯುತ್ತದೆ. ಗುಳ್ಳೆಯ ಗಾತ್ರಕ್ಕೂ ಸ್ವರಕ್ಕೂ ಇರುವ ಲೆಕ್ಕವನ್ನು ವಿಜ್ಞಾನಿ ಮಾರ್ಸೆಲ್ ಮಿನ್ನಾರ್ಟ್ 1933ರಲ್ಲಿ ಕೊಟ್ಟರು: ಒಂದು ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸೆಕೆಂಡಿಗೆ ಸುಮಾರು 3,300 ಸಲ ಮಿಡಿಯುತ್ತದೆ, ಮೂರು ಮಿಲಿಮೀಟರಿನದು 1,100 ಸಲ. ಎತ್ತರದಿಂದ ಸುರಿದಾಗ ದಪ್ಪ ಸದ್ದು, ತೊಟ್ಟಿಕ್ಕಿದಾಗ ಕೀಚಲು ಸದ್ದು. ಮಗುವಿಗೆ ಲೆಕ್ಕ ಬೇಡ, ಸ್ಪಂಜನ್ನು ಮೇಲೆತ್ತಿ ಹಿಂಡಿ ಆಮೇಲೆ ಕೆಳಗಿಳಿಸಿ ಹಿಂಡಿದರೆ ವ್ಯತ್ಯಾಸ ಕಿವಿಗೇ ಗೊತ್ತು. ಬಾಟಲಿ ತುಂಬುವಾಗ ಸದ್ದು ಏರುತ್ತಾ ಹೋಗುವುದಕ್ಕೆ ಕಾರಣ ಬೇರೆ. ಒಳಗಿನ ಗಾಳಿಯ ಕಂಬ ಗಿಡ್ಡವಾಗುತ್ತದೆ, ಗಿಡ್ಡ ಕಂಬಕ್ಕೆ ಏರುಸ್ವರ. ಬಾಟಲಿ ತುಂಬಿತು ಎಂಬುದು ಮೂರು ವರ್ಷದ ಎಷ್ಟೋ ಮಕ್ಕಳಿಗೆ ಕಣ್ಣಿಗಿಂತ ಮೊದಲು ಕಿವಿಗೆ ತಿಳಿದಿರುತ್ತದೆ.

ಚೆಂಡನ್ನು ನೀರಿನೊಳಗೆ ಒತ್ತುವ ಆಟವೂ ಎಲ್ಲ ಮಕ್ಕಳಿಗೂ ಬರುತ್ತದೆ. 10 ಸೆಂ.ಮೀ. ವ್ಯಾಸದ ಚೆಂಡು ಪೂರ್ತಿ ಮುಳುಗಿದರೆ ಅರ್ಧ ಲೀಟರಿಗಿಂತ ತುಸು ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಿರುತ್ತದೆ, ಹಾಗಾಗಿ ಅರ್ಧ ಕಿಲೋ ತೂಕದಷ್ಟು ಬಲದಿಂದ ಕೈಯನ್ನು ಮೇಲಕ್ಕೆ ನೂಕುತ್ತದೆ. ಎರಡು ವರ್ಷದ ಕೈಗೆ ಅದು ಸಣ್ಣ ಕುಸ್ತಿಯೇ ಸರಿ.

ಉದ್ದ ಲೋಟದಲ್ಲಿ ಹೆಚ್ಚು

ಗಿಡ್ಡ ಅಗಲ ಲೋಟದ ನೀರನ್ನು ಮಗುವಿನ ಕಣ್ಣೆದುರೇ ಉದ್ದ ಸಪೂರ ಲೋಟಕ್ಕೆ ಸುರಿದು 'ಈಗ ಹೆಚ್ಚಾಯಿತೋ ಕಡಿಮೆಯಾಯಿತೋ' ಎಂದರೆ ನಾಲ್ಕು ವರ್ಷದ ಮಗು ಹೆಚ್ಚಾಯಿತು ಎನ್ನುತ್ತದೆ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಇದನ್ನು ಪ್ರಸಿದ್ಧಿಗೆ ತಂದರು. ಎತ್ತರವೊಂದೇ ಕಣ್ಣಿಗೆ ಬೀಳುತ್ತದೆ, ಅಗಲ ಕಡಿಮೆಯಾದದ್ದು ಲೆಕ್ಕಕ್ಕೆ ಬರುವುದಿಲ್ಲ. ಆರೇಳು ವರ್ಷಕ್ಕೆ ಈ ತೊಡಕು ತಾನಾಗಿ ಬಿಡುತ್ತದೆ. ಅದಕ್ಕೆ ಮೊದಲು ತಿದ್ದಲು ಹೋದರೆ ಮಗು ನಿಮ್ಮ ಉತ್ತರ ಬಾಯಿಪಾಠ ಮಾಡುತ್ತದೆ ಅಷ್ಟೆ. ಇಬ್ಬರು ಮಕ್ಕಳಿರುವ ಮನೆಯಲ್ಲಿ ಇದರ ಪ್ರಯೋಜನ ಮಾತ್ರ ಸ್ಪಷ್ಟ: ಇಬ್ಬರಿಗೂ ಒಂದೇ ಆಕಾರದ ಲೋಟ ಕೊಡಿ, ಅಳೆದು ಸಮ ಮಾಡಿದ್ದೇನೆ ಎಂಬ ವಾದ ಅಲ್ಲಿ ನಡೆಯುವುದಿಲ್ಲ.

ಬಿಸಿ ಎಷ್ಟು, ಚಳಿ ಎಲ್ಲಿಂದ

ಕೈ ಮಾತ್ರ ಆಡುವ ತಟ್ಟೆಗೆ ಕೋಣೆಯ ಬಿಸಿಯ ನೀರು ಸಾಕು. ಮೈಯೆಲ್ಲ ನೆನೆಯುವುದಾದರೆ 37 ರಿಂದ 38 ಡಿಗ್ರಿ ಸೆಲ್ಸಿಯಸ್. ಬೆರೆಸುವ ಲೆಕ್ಕ ಸುಲಭ. 25 ಡಿಗ್ರಿಯ ಐದು ಲೀಟರ್ ತಣ್ಣೀರಿಗೆ ಕುದಿಯುವ ನೀರು ಒಂದು ಲೀಟರ್ ಸೇರಿದರೆ 37.5 ಡಿಗ್ರಿ ಬರುತ್ತದೆ. ಅದೇ ಕೈತಪ್ಪಿ ಎರಡು ಲೀಟರ್ ಸೇರಿತೋ, 46 ಡಿಗ್ರಿ ದಾಟುತ್ತದೆ. ಮಗುವಿನ ತೆಳು ಚರ್ಮ ತಾಳುವ ಬಿಸಿಯಲ್ಲ ಅದು. ಯಾವಾಗಲೂ ತಣ್ಣೀರು ಮೊದಲು, ಬಿಸಿನೀರು ಆಮೇಲೆ. ಬೆರೆಸಿ ಮುಗಿಯುವವರೆಗೆ ಮಗು ಹತ್ತಿರ ಸುಳಿಯಬಾರದು. ಬಿಸಿನೀರು ಹಗುರ, ಕಲಕದಿದ್ದರೆ ಮೇಲೇ ನಿಲ್ಲುತ್ತದೆ, ಆದ್ದರಿಂದ ತಳದವರೆಗೆ ಕೈಯಾಡಿಸಿ. ಬಿಸಿ ನೋಡಲು ಮೊಣಕೈ ಅಥವಾ ಮಣಿಕಟ್ಟಿನ ಒಳಬದಿ ಒಳ್ಳೆಯದು; ದಿನವಿಡೀ ಬಿಸಿ ಪಾತ್ರೆ ಹಿಡಿದ ಅಂಗೈಯ ಮಾತು ನಂಬಬೇಡಿ. ಗೀಸರಿನಿಂದ ಬರುವ 60 ಡಿಗ್ರಿ ನೀರು ಕೆಲವೇ ಸೆಕೆಂಡುಗಳಲ್ಲಿ ಆಳವಾಗಿ ಸುಡುತ್ತದೆ. ಮಗು ನಲ್ಲಿಯತ್ತ ಬೆನ್ನು ಮಾಡಿ ಕೂರಲಿ.

ಚಳಿ ಹತ್ತುವುದು ನೀರಿನಲ್ಲಿ ಇರುವಾಗ ಸ್ವಲ್ಪ, ಎದ್ದ ಮೇಲೆ ಬಹಳ. ಗಾಳಿಗಿಂತ ನೀರು ಸುಮಾರು 25 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ, ಮತ್ತು ತೂಕಕ್ಕೆ ಹೋಲಿಸಿದರೆ ಮಗುವಿನ ಮೈಯ ಹರವು ದೊಡ್ಡವರದಕ್ಕಿಂತ ಹೆಚ್ಚು. ಎದ್ದ ಮೇಲೆ ಚರ್ಮದ ಮೇಲಿನ ನೀರು ಆವಿಯಾಗಲು ಪ್ರತಿ ಗ್ರಾಮಿಗೆ ಸುಮಾರು 2,400 ಜೂಲ್ ಶಾಖ ಬೇಕು. 10 ಕಿಲೋ ತೂಕದ ಮಗುವಿನ ಮೈಮೇಲೆ ಉಳಿದ 20 ಗ್ರಾಂ ನೀರು ಪೂರ್ತಿ ಮೈಯ ಶಾಖದಿಂದಲೇ ಆರಿದರೆ ಆ ಮೈಯನ್ನು ಒಂದು ಡಿಗ್ರಿಗಿಂತ ಹೆಚ್ಚು ತಣಿಸಬಲ್ಲದು. ಒಂದಷ್ಟು ಶಾಖ ಗಾಳಿಯಿಂದಲೂ ಬರುವುದರಿಂದ ಅಷ್ಟಾಗುವುದಿಲ್ಲ, ಆದರೂ ಟವೆಲ್ ಹುಡುಕುತ್ತಾ ಒದ್ದೆ ಮಗುವನ್ನು ಫ್ಯಾನಿನ ಕೆಳಗೆ ನಿಲ್ಲಿಸಬಾರದು ಎಂಬುದಕ್ಕೆ ಈ ಲೆಕ್ಕ ಸಾಕು. ಮೊದಲು ತಲೆ ಒರೆಸಿ. ತುಟಿ ನೀಲಿಗಟ್ಟಿದರೆ, ಮೈ ನಡುಗಿದರೆ, ಅಥವಾ ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಮಂಕಾದರೆ ಆಟ ಮುಗಿಯಿತು.

ಬೆರಳು ಸುಕ್ಕಾದದ್ದು ಮಾತ್ರ ಎಬ್ಬಿಸಲು ಕಾರಣವಲ್ಲ. ಅದು ಚರ್ಮ ನೀರು ಕುಡಿದು ಊದಿದ್ದಷ್ಟೇ ಅಲ್ಲ, ನರಗಳ ಅಪ್ಪಣೆಯಂತೆ ಬೆರಳ ತುದಿಯ ರಕ್ತನಾಳಗಳು ಕುಗ್ಗಿ ಆಗುವ ಬದಲಾವಣೆ. ನರ ತುಂಡಾದ ಬೆರಳು ಸುಕ್ಕಾಗುವುದಿಲ್ಲ ಎಂಬುದು 1930ರ ದಶಕದಲ್ಲೇ ಗೊತ್ತಾಗಿತ್ತು.

ತಲೆಯ ಮೇಲೆ ನೀರು ಸುರಿದರೆ ಕಿರುಚುವ ಮಗು ತಾನೇ ಮುಖಕ್ಕೆ ನೀರು ಎರಚಿಕೊಂಡು ನಗುವುದನ್ನು ನೋಡಿರುತ್ತೀರಿ. ನಮಗೆ ನಾವೇ ಕಚಗುಳಿ ಇಟ್ಟುಕೊಳ್ಳಲಾಗದ್ದು ಇದೇ ಬಗೆಯದು. ತಾನೇ ಮಾಡಿದ್ದು ಯಾವಾಗ ಬರುತ್ತದೆಂದು ಮೈಗೆ ಮುಂಚೆಯೇ ಗೊತ್ತು, ಬೇರೆಯವರು ಸುರಿದದ್ದು ಗೊತ್ತಿಲ್ಲ. ಮಗ್ಗನ್ನು ಮಗುವಿನ ಕೈಗೇ ಕೊಡಿ, ಮೊದಲು ಹೊಟ್ಟೆ, ಆಮೇಲೆ ಭುಜ. ತಲೆಗೆ ನೀವು ಸುರಿಯುವುದಾದರೆ 'ಒಂದು, ಎರಡು, ಮೂರು' ಎಂದು ಎಣಿಸಿ, ಮೂರಕ್ಕೇ ಸುರಿಯಿರಿ. ಎರಡಕ್ಕೇ ಸುರಿದು ಮುಗಿಸಿಬಿಡುವ ಉಪಾಯ ಒಂದೇ ಸಲ ನಡೆಯುತ್ತದೆ.

ಬಕೆಟ್ಟು

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ನೀರಿನಲ್ಲಿ ಮುಳುಗಿ ಸತ್ತವರು ಸುಮಾರು ಮೂರು ಲಕ್ಷ. ಅವರಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರು ಐದು ವರ್ಷದೊಳಗಿನ ಮಕ್ಕಳು. ಕೆರೆ, ಬಾವಿ, ಈಜುಕೊಳದ ಅಪಾಯ ಎಲ್ಲರಿಗೂ ಗೊತ್ತು. ಬಚ್ಚಲಮನೆಯ ಬಕೆಟ್ಟಿನ ಅಪಾಯ ಯಾಕೆ ಅಂಥದ್ದು ಎಂಬುದು ಗೊತ್ತಿರುವುದಿಲ್ಲ.

ಹತ್ತು ಲೀಟರ್ ನೀರಿನ ತೂಕ ಹತ್ತು ಕಿಲೋ. ಒಂದು ವರ್ಷದ ಮಗುವಿನ ತೂಕವೂ ಅದರ ಆಸುಪಾಸು. ಮಗುವಿನ ಎತ್ತರದಲ್ಲಿ ತಲೆಯ ಪಾಲು ದೊಡ್ಡವರದಕ್ಕಿಂತ ಬಹಳ ಹೆಚ್ಚು, ಹಾಗಾಗಿ ಭಾರವೆಲ್ಲ ಮೇಲುಗಡೆ. ಬಕೆಟ್ಟಿನ ಅಂಚು ಹಿಡಿದು ಬಗ್ಗಿದರೆ ಆ ಭಾರ ಅಂಚಿನಿಂದಾಚೆಗೆ ಜಾರುತ್ತದೆ, ತಲೆಕೆಳಗಾಗಿ ಒಳಗೆ ಬೀಳುತ್ತದೆ. ಖಾಲಿ ಬಕೆಟ್ಟಾಗಿದ್ದರೆ ಮಗುವಿನ ಜೊತೆ ಅದೂ ಉರುಳುತ್ತಿತ್ತು. ತುಂಬಿದ್ದು ಅಲುಗುವುದಿಲ್ಲ. ಒಳಗೆ ಕೈ ಊರಿ ಮೈ ಎತ್ತುವಷ್ಟು ತೋಳ್ಬಲ ಆ ವಯಸ್ಸಿಗೆ ಇಲ್ಲ. ಮೂಗು ಬಾಯಿ ಮುಚ್ಚಲು ಎರಡೂವರೆಯಿಂದ ಐದು ಸೆಂ.ಮೀ. ನೀರು ಸಾಕು. ಕೂಗೂ ಕೇಳಿಸದು, ಏಕೆಂದರೆ ಕೂಗಲು ಉಸಿರು ಬೇಕು.

ಆದ್ದರಿಂದ ನಿಯಮ ಒಂದೇ: ನೀರಿನ ಹತ್ತಿರ ಮಗು ಇರುವಷ್ಟು ಹೊತ್ತು ದೊಡ್ಡವರೊಬ್ಬರು ತೋಳು ಚಾಚಿದರೆ ಮುಟ್ಟುವಷ್ಟು ದೂರದಲ್ಲಿರಬೇಕು. ಮೇಲೆ ಹೇಳಿದ ಎರಡು ಲೀಟರ್ ತಟ್ಟೆಗೂ ಇದೇ ಮಾತು. ಬಾಗಿಲು ತಟ್ಟಿದರೆ, ಫೋನ್ ಬಂದರೆ ಮಗುವನ್ನು ಎತ್ತಿಕೊಂಡೇ ಹೋಗಿ. ಆರು ವರ್ಷದ ಅಕ್ಕನನ್ನು ಕಾವಲಿಗೆ ಕೂರಿಸಬೇಡಿ. ಟಬ್ಬಿನೊಳಗೆ ಕೂರಿಸುವ ಸ್ನಾನದ ಕುರ್ಚಿ, ಗಾಳಿ ತುಂಬಿದ ಉಂಗುರ ಇವು ಅನುಕೂಲಕ್ಕೆ ಮಾತ್ರ, ಜೀವರಕ್ಷಣೆಗಲ್ಲ. ಅಕಸ್ಮಾತ್ ಮುಳುಗಿದ ಮಗು ಉಸಿರಾಡದಿದ್ದರೆ ತಲೆಕೆಳಗೆ ಹಿಡಿದು ನೀರು ಇಳಿಸುತ್ತಾ ಹೊತ್ತು ಕಳೆಯಬಾರದು. ಬಾಯಿಗೆ ಬಾಯಿಟ್ಟು ಉಸಿರು ಊದುವುದು ಮೊದಲು, ಎದೆ ಒತ್ತುವುದು ಅದರ ಬೆನ್ನಿಗೇ, ಸಹಾಯಕ್ಕೆ ಕೂಗುವುದು ಇದೆಲ್ಲದರ ಜೊತೆಗೆ. ಮಕ್ಕಳಿರುವ ಮನೆಯಲ್ಲಿ ಇದನ್ನು ಒಬ್ಬರಾದರೂ ಕೈಯಾರೆ ಅಭ್ಯಾಸ ಮಾಡಿ ಕಲಿತಿರಬೇಕು.

ಇನ್ನೆರಡು ಸಣ್ಣ ಎಚ್ಚರಿಕೆ. ನೀರಿನಲ್ಲಿ ಊದುವ ಬಣ್ಣದ ಮಣಿಗಳನ್ನು ಪುಟ್ಟ ಮಕ್ಕಳಿರುವ ಮನೆಗೆ ತರಲೇಬೇಡಿ. ನುಂಗಿದರೆ ಕರುಳಿನಲ್ಲಿ ಊದಿ ದಾರಿ ಕಟ್ಟುತ್ತವೆ, ಸಾಮಾನ್ಯ ಎಕ್ಸ್‌ರೇಯಲ್ಲಿ ಕಾಣುವುದೂ ಕಷ್ಟ. ಒತ್ತಿದರೆ ನೀರು ಚಿಮ್ಮುವ ರಬ್ಬರ್ ಗೊಂಬೆಗಳ ಒಳಗೆ ಆರದ ನೀರು ಉಳಿದು ಕಪ್ಪು ಲೋಳೆ ಕಟ್ಟುತ್ತದೆ, ತೂತಿಲ್ಲದ್ದು ತನ್ನಿ.

ಮುಗಿಸುವಾಗ ಮಗುವನ್ನು ನೀರಿನಿಂದ ಎಳೆಯುವುದಕ್ಕಿಂತ ಮಗುವಿನಿಂದ ನೀರನ್ನು ತೆಗೆಯುವುದು ಸುಲಭ. ಮೊದಲು ಲೋಟಗಳನ್ನು ಒಂದೊಂದಾಗಿ ಎತ್ತಿಡಿ, ಸ್ಪಂಜು ಉಳಿಸಿ. ತಟ್ಟೆಯನ್ನು ಮಗುವಿನ ಕೈಯಿಂದಲೇ ಚರಂಡಿಗೆ ಬಗ್ಗಿಸಿ, ಒಂದು ಹನಿಯೂ ಉಳಿಯದಂತೆ ಬೋರಲು ಹಾಕಿ. ನಿಂತ ನೀರಿನಲ್ಲಿ ಸೊಳ್ಳೆಯ ಮೊಟ್ಟೆ ಹಾರುವ ಸೊಳ್ಳೆಯಾಗಲು ಬಿಸಿ ದಿನಗಳಲ್ಲಿ ಒಂದೂವರೆ ವಾರವೂ ಬೇಡ. ನೆಲ ಒರೆಸುವುದಕ್ಕೂ ಮಗುವನ್ನು ಸೇರಿಸಿಕೊಳ್ಳಿ. ಒದ್ದೆ ನೆಲಕ್ಕೆ ಸ್ಪಂಜು ಒತ್ತಿದರೆ ನೀರು ಮಾಯ, ಹಿಂಡಿದರೆ ಮತ್ತೆ ಹಾಜರ್! ಹತ್ತು ನಿಮಿಷ ಹೆಚ್ಚಿಗೆ ಹಿಡಿಯುತ್ತದೆ, ಇನ್ನೊಂದು ಅಂಗಿ ಒದ್ದೆಯಾಗುತ್ತದೆ, ಆದರೆ ಅಳು ಇರುವುದಿಲ್ಲ.